ದೀಪ ಆರಿಸುವ ಮುನ್ನ ಮೀಟರ್ ನೋಡಿ

ಆ ಮನೆಗೆ ನಾನು ಹೋದದ್ದು ಫ್ಯಾನ್ ನೋಡಲು. ಏಣಿ ಹತ್ತಿ ನಿಂತ ಅರ್ಧ ಗಂಟೆಯಲ್ಲಿ ಮನೆಯ ಯಜಮಾನರು ಮೂರು ಸಲ ಎದ್ದು ಹೋಗಿ ಬೇರೆ ಬೇರೆ ಕೋಣೆಗಳ ದೀಪ ಆರಿಸಿ ಬಂದರು. ಪ್ರತಿ ಸಲವೂ "ಹಚ್ಚುವ ಕೈಗೆ ಆರಿಸುವುದು ಮಾತ್ರ ಗೊತ್ತಿಲ್ಲ" ಎಂದು ಗೊಣಗಿದರು. ಆ ಗೊಣಗಾಟದ ನಡುವೆ ನನಗೆ ಇನ್ನೊಂದು ಸದ್ದು ಕೇಳಿಸುತ್ತಿತ್ತು. ಶೌಚಾಲಯದ ಫ್ಲಶ್ ಟ್ಯಾಂಕಿಗೆ ಸಣ್ಣಗೆ, ಬುಸುಗುಟ್ಟಿದ ಹಾಗೆ, ನೀರು ಬರುತ್ತಲೇ ಇತ್ತು. ಒಳಗೆ ಯಾರೂ ಹೋಗಿರಲಿಲ್ಲ. ಕೇಳಿದರೆ, "ಅದು ಯಾವಾಗಲೂ ಹಾಗೆಯೇ, ಬಿಡಿ" ಎಂದರು.

ಮನೆಗಳ ವಿದ್ಯುತ್ ಕೆಲಸ, ನಲ್ಲಿ ಕೆಲಸ ಎರಡನ್ನೂ ಮಾಡುವ ನನಗೆ ಇದು ತೀರಾ ಪರಿಚಿತ ದೃಶ್ಯ. ಉಳಿತಾಯದ ಹಟ ಜನರಲ್ಲಿ ಬೇಕಾದಷ್ಟಿದೆ. ಆದರೆ ಆ ಹಟವೆಲ್ಲ ಕಣ್ಣಿಗೆ ಕಾಣುವ ವಸ್ತುಗಳ ಮೇಲೆಯೇ ಖರ್ಚಾಗುತ್ತದೆ. ಉರಿಯುವ ದೀಪ ಕಾಣುತ್ತದೆ, ಹಾಗಾಗಿ ಬೈಸಿಕೊಳ್ಳುತ್ತದೆ. ಗೀಸರ್ ಸ್ನಾನದ ಮನೆಯ ಮೂಲೆಯಲ್ಲಿ ಮುಗುಮ್ಮಾಗಿ ಕುಳಿತಿರುತ್ತದೆ, ಅದಕ್ಕೆ ಯಾರ ಬೈಗುಳವೂ ಇಲ್ಲ.

ದೀಪದ ಮೇಲಿನ ಈ ಸಿಟ್ಟು ಹಳೆಯ ಕಾಲದ್ದು. ತಂತಿ ಕಾದು ಬೆಳಗುತ್ತಿದ್ದ ಬಲ್ಬುಗಳು 60 ವ್ಯಾಟ್, 100 ವ್ಯಾಟ್ ಇರುತ್ತಿದ್ದವು. ಆಗ ಆರಿಸುವುದಕ್ಕೆ ಅರ್ಥವಿತ್ತು. ಈಗ ಆ 60 ವ್ಯಾಟಿನ ಬಲ್ಬಿನಷ್ಟೇ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಅದು ಒಂದು ಯೂನಿಟ್, ಅಂದರೆ ಸಾವಿರ ವ್ಯಾಟ್ ಒಂದು ಗಂಟೆ ನಡೆದಷ್ಟು ವಿದ್ಯುತ್, ಸುಡಬೇಕಾದರೆ 111 ಗಂಟೆ ಉರಿಯಬೇಕು. 2000 ವ್ಯಾಟಿನ ಗೀಸರ್‌ಗೆ ಅದೇ ಯೂನಿಟ್ ಅರ್ಧ ಗಂಟೆಯ ತುತ್ತು. ಒಂದು ಬಕೆಟ್ ಎಂದರೆ 15 ಲೀಟರ್ ಎಂದಿಟ್ಟುಕೊಳ್ಳಿ. ಅಷ್ಟು ನೀರಿನ ಬಿಸಿಯನ್ನು 30 ಡಿಗ್ರಿ ಏರಿಸಲು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚೇ ಬೇಕು. ಅಷ್ಟರಲ್ಲಿ ಆ ಎಲ್‌ಇಡಿ ಎರಡು ಹಗಲು, ಎರಡು ರಾತ್ರಿ ಉರಿದು ಮತ್ತೂ ಕೆಲವು ಗಂಟೆ ಉರಿಯುತ್ತದೆ. ದೀಪ ಆರಿಸಬೇಡಿ ಎಂದು ಹೇಳುತ್ತಿಲ್ಲ, ಆರಿಸಿ. ಆದರೆ ಅದಕ್ಕಾಗಿ ಮಕ್ಕಳೊಡನೆ ಜಗಳವಾಡುವಷ್ಟು ಲಾಭ ಅಲ್ಲಿಲ್ಲ.

ನಾನು ಎಲ್ಲರಿಗೂ ಹೇಳುವ ಲೆಕ್ಕ ಸರಳ. ಬಿಸಿ ಮಾಡುವ ಮತ್ತು ತಂಪು ಮಾಡುವ ಯಂತ್ರಗಳು ದುಬಾರಿ, ಬೆಳಕು ಮತ್ತು ಸದ್ದು ಮಾಡುವವು ಅಗ್ಗ. ಹಗಲಿರುಳು ಬಿಡುವಿಲ್ಲದೆ ನಡೆಯುವುದು ಎಷ್ಟೇ ಚಿಕ್ಕದಿರಲಿ, ಅದರ ಮೇಲೆ ಒಂದು ಕಣ್ಣಿರಬೇಕು.

ಈ ಕೊನೆಯ ಮಾತನ್ನು ನನಗಿಂತ ಚೆನ್ನಾಗಿ ಹಿಡಿದವರು ಒಬ್ಬ ನಿವೃತ್ತ ಗಣಿತ ಶಿಕ್ಷಕಿ. "ನಾನು ಏನೂ ಬಳಸುವುದಿಲ್ಲ, ಬಿಲ್ ಮಾತ್ರ ಇಳಿಯುವುದಿಲ್ಲ. ಮೀಟರ್ ಕೆಟ್ಟಿರಬೇಕು" ಎಂಬುದು ಅವರ ದೂರು. ಮೀಟರ್ ಕೆಡುವುದು ಅಪರೂಪ. ಇಬ್ಬರೂ ಮೀಟರಿನ ಮುಂದೆ ನಿಂತೆವು. ಮನೆಯ ದೀಪ, ಫ್ಯಾನ್, ಟಿವಿ ಎಲ್ಲವನ್ನೂ ಅವರು ಆರಿಸಿದ್ದರು, ಫ್ರಿಜ್‌ನ ಪ್ಲಗ್ಗನ್ನೂ ಕೆಲಹೊತ್ತು ಕಿತ್ತಿಟ್ಟೆವು. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದನ್ನು ಮೀಟರಿನ ಮುಖದ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅವರದರಲ್ಲಿ 3200 ಎಂದಿತ್ತು. "ನೀವು ಎಣಿಸಿ, ನಾನು ಗಡಿಯಾರ ನೋಡುತ್ತೇನೆ" ಎಂದರು, ತರಗತಿಯ ದನಿಯಲ್ಲೇ. ಐದು ನಿಮಿಷಕ್ಕೆ ಹತ್ತು ಮಿಣುಕು. ನಾನು ಫೋನಿನಲ್ಲಿ ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಅವರು ಬಾಯಲ್ಲೇ ಹೇಳಿಬಿಟ್ಟರು: ಮೂವತ್ತೇಳೂವರೆ ವ್ಯಾಟ್. ಎಲ್ಲ ಆರಿಸಿದ ಮೇಲೆ, ಏನೂ ನಡೆಯದ ಮನೆಯಲ್ಲಿ! ವರ್ಷಕ್ಕೆ 8760 ಗಂಟೆ, ಅಂದರೆ 328 ಯೂನಿಟ್.

ಆಮೇಲೆ ಒಂದೊಂದೇ ಪ್ಲಗ್ ಕೀಳುತ್ತ ಮತ್ತೆ ಎಣಿಸಿದೆವು. ಸೆಟ್‌ಟಾಪ್ ಬಾಕ್ಸ್ ಕಿತ್ತ ಕೂಡಲೇ ಹತ್ತು ಇದ್ದದ್ದು ಆರಕ್ಕೆ ಇಳಿಯಿತು. ರಿಮೋಟಿನಲ್ಲಿ ಆರಿಸಿದರೆ ಅದರ ಮುಖದ ದೀಪದ ಬಣ್ಣ ಬದಲಾಗುತ್ತದೆಯೇ ಹೊರತು, ಎಷ್ಟೋ ಮಾದರಿಗಳಲ್ಲಿ ಒಳಗಿನ ಕೆಲಸ ಬಹುಪಾಲು ನಡೆದೇ ಇರುತ್ತದೆ. ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ವರ್ಷಗಳಿಂದ ಹಾಡದ ಹಳೆಯ ಮ್ಯೂಸಿಕ್ ಸಿಸ್ಟಂ ಎರಡು ಮಿಣುಕು ತಿನ್ನುತ್ತಿತ್ತು. ಉಳಿದ ನಾಲ್ಕರಲ್ಲಿ ಇಂಟರ್‌ನೆಟ್ ರೂಟರ್, ಇನ್ನೂ ಒಂದೆರಡು ಸಣ್ಣಪುಟ್ಟ ಸಾಮಾನು. ಅದನ್ನು ಹಾಗೆಯೇ ಬಿಟ್ಟೆವು, ಎಲ್ಲವನ್ನೂ ಕಿತ್ತುಹಾಕಿ ಬದುಕಲಾಗುತ್ತದೆಯೇ? ಇಷ್ಟಕ್ಕೂ ಅವರು ಅದುವರೆಗೆ ನಿಯಮದಿಂದ ಕೀಳುತ್ತಿದ್ದುದು ಮೊಬೈಲ್ ಚಾರ್ಜರ್ ಒಂದನ್ನೇ. ಇತ್ತೀಚಿನ ಒಳ್ಳೆಯ ಚಾರ್ಜರ್ ಫೋನಿಲ್ಲದೆ ಖಾಲಿ ಇದ್ದಾಗ ಎಳೆಯುವುದು ವ್ಯಾಟಿನ ಹತ್ತನೇ ಒಂದು ಪಾಲಿನ ಆಸುಪಾಸು. ವರ್ಷವಿಡೀ ಬಿಟ್ಟರೂ ಒಂದು ಯೂನಿಟ್ ಆಗುವುದು ಕಷ್ಟ.

ಗೀಸರ್ ಬಗ್ಗೆ ಎರಡು ತಪ್ಪು ನಂಬಿಕೆಗಳಿವೆ. ಒಂದು, ಪದೇ ಪದೇ ಹಚ್ಚಿ ಆರಿಸುವುದಕ್ಕಿಂತ ಇಡೀ ದಿನ ಹಚ್ಚಿಯೇ ಇಟ್ಟರೆ ಉಳಿತಾಯ ಎಂಬುದು. ಅಲ್ಲ. ಟ್ಯಾಂಕಿನ ನೀರು ಎಷ್ಟು ಹೊತ್ತು ಬಿಸಿಯಾಗಿರುತ್ತದೆಯೋ ಅಷ್ಟು ಹೊತ್ತೂ ಆ ಬಿಸಿ ಹೊರಗೆ ಹೋಗುತ್ತಲೇ ಇರುತ್ತದೆ. ಸ್ನಾನಕ್ಕೆ ಮುಂಚೆ ಹಚ್ಚುವುದು, ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಮುಗಿಸುವುದು, ಆರಿಸುವುದು. ಇಷ್ಟೇ. ಎರಡನೆಯದು, ಕಾಯಿಲ್‌ಗೆ ಸುಣ್ಣ ಕಟ್ಟಿದರೆ ಕರೆಂಟ್ ವಿಪರೀತ ಎಳೆಯುತ್ತದೆ ಎಂಬುದು. ಇದನ್ನು ನಮ್ಮ ಕಸುಬಿನವರೇ ಹೇಳುತ್ತ ತಿರುಗುತ್ತಾರೆ. ನೀರಿನೊಳಗೆ ಮುಳುಗಿದ ಕಾಯಿಲ್‌ನ ಬಿಸಿ ತಡವಾಗಿಯಾದರೂ ನೀರಿಗೇ ಸೇರಬೇಕು, ಬೇರೆಲ್ಲಿಗೆ ಹೋದೀತು? ಸುಣ್ಣದಿಂದ ಆಗುವ ನಷ್ಟ ಬೇರೆ: ಒಳಗೇ ಬೇಯುವ ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ಗಡಸು ನೀರಿದ್ದರೆ ಸುಣ್ಣ ತೆಗೆಸುವುದು ಒಳ್ಳೆಯದೇ, ಆದರೆ ಮುಂದಿನ ತಿಂಗಳ ಬಿಲ್ ಇಳಿಯುತ್ತದೆ ಎಂದು ಕಾಯಬೇಡಿ.

ಒಲೆಯ ಮಾತೂ ಬಿಸಿಯದ್ದೇ ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟೇ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು 100 ಡಿಗ್ರಿಗಿಂತ ಮೇಲೇರುವುದಿಲ್ಲ, ಒಳಗಿನದು ಬೇಗ ಬೇಯುವುದೂ ಇಲ್ಲ. ಹೆಚ್ಚಿನ ಉರಿ ಹೋಗುವುದು ಆವಿಗೆ. ಒಂದು ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಬೇಕಾಗುವ ಶಾಖದ ಏಳು ಪಟ್ಟು ಅದೇ ನೀರನ್ನು ಪೂರ್ತಿ ಆವಿ ಮಾಡಲು ಬೇಕು. ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳ ಮುಚ್ಚಿದರೆ ಉಳಿಯುವುದು ಈ ಏಳು ಪಟ್ಟಿನ ಪಾಲು.

ಫ್ರಿಜ್ ರಾತ್ರಿ ಆರಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಬೆಳಗ್ಗೆ ಅದು ರಾತ್ರಿಯ ಕೆಲಸವನ್ನು ಬಹುಪಾಲು ಮಾಡಿಯೇ ತೀರುತ್ತದೆ, ಉಳಿಯುವುದು ಅತ್ಯಲ್ಪ, ಒಳಗಿನದು ಹಳಸಿದರೆ ಅದೂ ಹೋಯಿತು. ಅದರ ಬದಲು ಬಾಗಿಲಿನ ಅಂಚಿನ ರಬ್ಬರ್ ನೋಡಿ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸುಮ್ಮನೆ ಜಾರಿ ಬಂದರೆ ಅಲ್ಲಿ ತಂಪು ಸೋರುತ್ತಿದೆ. ನಾಲ್ಕೂ ಅಂಚಿನಲ್ಲಿ ಹೀಗೆ ನೋಡಬೇಕು, ಕೆಳಗಿನ ಮೂಲೆಯಲ್ಲಿ ಹೆಚ್ಚು. ಅರ್ಧಕ್ಕರ್ಧ ಸಲ ರಬ್ಬರ್ ಹಾಳಾಗಿರುವುದಿಲ್ಲ, ಮಡಿಕೆಗಳಲ್ಲಿ ಜಿಡ್ಡು ಕೂತಿರುತ್ತದೆ ಅಷ್ಟೇ. ಸಾಬೂನು ಹಾಕಿದ ಬೆಚ್ಚನೆಯ ನೀರಿನಲ್ಲಿ ಒರೆಸಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಒಳಗೆ 4 ಡಿಗ್ರಿಯ ಆಸುಪಾಸು ಸಾಕು. ಹಿಂದೆ ಬಲೆಯಂಥ ಕೊಳವೆಗಳು ಹೊರಗೇ ಕಾಣುವ ಮಾದರಿಯಾದರೆ, ಪ್ಲಗ್ ಕಿತ್ತು ಅಲ್ಲಿನ ದೂಳು ತೆಗೆಯಿರಿ, ಗೋಡೆಗೆ ಒತ್ತಿ ನಿಲ್ಲಿಸಬೇಡಿ.

ಇನ್ನು ನೀರು. ಹನಿ ಹನಿ ಕೂಡಿದರೆ ಹಳ್ಳ ಎಂಬುದನ್ನು ನಾವು ಕೂಡಿಡುವುದಕ್ಕೆ ಹೇಳುತ್ತೇವೆ, ಸೋರುವುದಕ್ಕೂ ಅದೇ ಲೆಕ್ಕ. ಸೆಕೆಂಡಿಗೊಂದು ಹನಿ ಉದುರುವ ನಲ್ಲಿಯಿಂದ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ತಿಂಗಳಿಗೆ 600. ತಪ್ಪಿತಸ್ಥ ಹೆಚ್ಚಾಗಿ ಒಳಗಿನ ಬೆರಳುಗುರಿನಷ್ಟು ರಬ್ಬರ್ ವಾಷರ್. ಜನ ಏನು ಮಾಡುತ್ತಾರೆಂದರೆ ನಲ್ಲಿಯನ್ನು ಇನ್ನಷ್ಟು ಬಿಗಿಯಾಗಿ ತಿರುಗಿಸುತ್ತಾರೆ. ಸವೆದ ವಾಷರ್ ಇನ್ನೂ ಬೇಗ ಹರಿಯುತ್ತದೆ, ಕೊನೆಗೆ ಒಳಗಿನ ಪೀಠವೂ ಗೀರಿ ಇಡೀ ನಲ್ಲಿಯನ್ನೇ ಬದಲಿಸಬೇಕಾಗುತ್ತದೆ.

ಫ್ಲಶ್ ಟ್ಯಾಂಕಿನ ಸೋರಿಕೆ ಇದಕ್ಕಿಂತ ಕಳ್ಳ. ಹನಿ ಕಾಣುವುದಿಲ್ಲ, ನೆಲ ಒದ್ದೆಯಾಗುವುದಿಲ್ಲ. ಆ ಯಜಮಾನರ ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಮಕ್ಕಳ ಚಿತ್ರದ ಪೆಟ್ಟಿಗೆಯಿಂದ ನೀರಿನಲ್ಲಿ ಕರಗುವ ನೀಲಿ ಬಣ್ಣ ಇಸಿದುಕೊಂಡು ಟ್ಯಾಂಕಿನೊಳಗೆ ಕಲಸಿದೆ. ಅರ್ಧ ಗಂಟೆ ಯಾರೂ ಮುಟ್ಟಬಾರದು ಎಂದೆ. ಅರ್ಧ ಗಂಟೆ ಬೇಕಾಗಲೇ ಇಲ್ಲ, ಹತ್ತು ನಿಮಿಷಕ್ಕೆ ಕೆಳಗಿನ ಬೋಗುಣಿಯ ನೀರು ನೀಲಿಗೆ ತಿರುಗಿತ್ತು. ಯಜಮಾನರು ಬಗ್ಗಿ ನೋಡಿದರು, ಮತ್ತೆ ನೋಡಿದರು. ಹೀಗಾಗಲು ಎರಡೇ ಕಾರಣ. ತಳದ ರಬ್ಬರ್ ಮುಚ್ಚಳ ಸವೆದಿರಬೇಕು, ಇಲ್ಲವೇ ತೇಲುವ ಚೆಂಡನ್ನು ತೀರಾ ಮೇಲಿಟ್ಟು, ನಡುವಿನ ಓವರ್‌ಫ್ಲೋ ಕೊಳವೆಯ ಬಾಯಿಂದ ನೀರು ಒಳಗಿಳಿಯುತ್ತಿರಬೇಕು. ಎರಡನೆಯದಾದರೆ ಖರ್ಚೇ ಇಲ್ಲ, ನೀರಿನ ಮಟ್ಟ ಕೊಳವೆಯ ಬಾಯಿಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ ನಿಲ್ಲುವಂತೆ ಚೆಂಡನ್ನು ಇಳಿಸಿದರೆ ಮುಗಿಯಿತು. ಅವರಲ್ಲಿ ಕೆಟ್ಟದ್ದು ರಬ್ಬರ್. ಹಳೆಯ ದೊಡ್ಡ ಟ್ಯಾಂಕಾದ್ದರಿಂದ ಒಂದು ಲೀಟರ್ ಬಾಟಲಿಗೆ ನೀರು ತುಂಬಿ, ಮುಚ್ಚಳ ಬಿಗಿದು, ಚೆಂಡಿಗೆ ತಾಗದ ಮೂಲೆಯಲ್ಲಿ ನಿಲ್ಲಿಸಿಯೂ ಬಂದೆ. ಪ್ರತಿ ಫ್ಲಶ್‌ಗೂ ಒಂದು ಲೀಟರ್ ಉಳಿಯುತ್ತದೆ. ಕೆಲವರು ಇಟ್ಟಿಗೆ ಇಡುತ್ತಾರೆ. ಅದು ನೀರಿನಲ್ಲಿ ಉದುರಿ, ಆ ಮರಳು ಅದೇ ರಬ್ಬರಿನಡಿ ಸೇರುತ್ತದೆ, ಮತ್ತೆ ನನ್ನನ್ನೇ ಕರೆಯುತ್ತಾರೆ.

ಉಳಿಸಬಾರದ ಜಾಗವೂ ಒಂದಿದೆ. ಬಿಸಿಯಾಗುವ ಪ್ಲಗ್, ಸುಟ್ಟ ವಾಸನೆಯ ಸ್ವಿಚ್, ಟೇಪ್ ಸುತ್ತಿದ ತಂತಿ. ಇವುಗಳ ವಿಷಯದಲ್ಲಿ ನನ್ನೊಡನೆ ಚೌಕಾಸಿ ಮಾಡಬೇಡಿ.

ಕೊನೆಗೂ ಫ್ಯಾನಿಗೆ ಬಂದರೆ, ಅದು ನಿಧಾನವಾಗಿ ತಿರುಗುತ್ತಿತ್ತು, ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತಿತ್ತು. ಯಜಮಾನರು ಹೊಸದೊಂದನ್ನು ತಂದು, ಪೆಟ್ಟಿಗೆ ಬಿಚ್ಚದೆ ಗೋಡೆಗೆ ಒರಗಿಸಿಟ್ಟಿದ್ದರು. ಹೀಗೆ ತೂಕಡಿಸುವ ಫ್ಯಾನಿನಲ್ಲಿ ಹತ್ತಕ್ಕೆ ಎಂಟು ಸಲ ಕೆಟ್ಟಿರುವುದು ಕೆಪಾಸಿಟರ್, ಬೆಂಕಿಪೊಟ್ಟಣದಷ್ಟು ಗಾತ್ರದ ಅಗ್ಗದ ವಸ್ತು. ಬದಲಿಸಿದೆ, ಓಡಿತು. "ಹಾಗಾದರೆ ಹೊಸದನ್ನು ವಾಪಸ್ ಕೊಟ್ಟುಬಿಡಲೇ?" ಎಂದು ಕೇಳಿದರು. ಪೆಟ್ಟಿಗೆಯ ಮೇಲೆ ಓದಿದೆ: ಬಿಎಲ್‌ಡಿಸಿ ಮೋಟಾರ್ (ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಗೆಯದು), 30 ವ್ಯಾಟ್. ಹಳೆಯದು 75. ನಡುಮನೆಯಲ್ಲಿ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಹದಿಮೂರೂವರೆ ಯೂನಿಟ್ ವ್ಯತ್ಯಾಸ. ದಿನಕ್ಕೊಂದು ಗಂಟೆ ಬಳಸುವ ಕೋಣೆಯಲ್ಲಾದರೆ ಒಂದೂಕಾಲು ಯೂನಿಟ್ ಚಿಲ್ಲರೆ, ಹಾಕಿದ ದುಡ್ಡು ಎಂದಿಗೆ ಹುಟ್ಟಬೇಕು? ಹೊಸದನ್ನು ನಡುಮನೆಗೆ ಹಾಕಿ, ಹಳೆಯದನ್ನು ನೆಂಟರ ಕೋಣೆಗೆ ಸಾಗಿಸಿ, ಅಲ್ಲಿದ್ದ ಇನ್ನೂ ಹಳೆಯದನ್ನು ಇಳಿಸಿದೆ. ನಾನು ಏಣಿ ಮಡಚುವಾಗ ನೆಂಟರ ಕೋಣೆಯ ದೀಪ ಉರಿಯುತ್ತಲೇ ಇತ್ತು, ಯಜಮಾನರು ಮಾತ್ರ ಟಾರ್ಚ್ ಹಿಡಿದು ಮೀಟರಿನ ಮುಂದೆ ನಿಂತಿದ್ದರು.