ತೆಳಗಿಂದು ಬರೋಬ್ಬರಿ ಐತಿ

ವಿಜಯಪುರದ ನಮ್ಮ ದೊಡ್ಡಪ್ಪನ ಚೀಟಿಯಲ್ಲಿ ಬಿಪಿ 170/70 ಎಂದಿತ್ತು. "ಮ್ಯಾಲಿಂದು ಸ್ವಲ್ಪ ಜಾಸ್ತಿ ಐತಿ, ತೆಳಗಿಂದು ಬರೋಬ್ಬರಿ ಐತಿ. ವಯಸ್ಸಾತು, ಇಷ್ಟು ಇರೂದ" ಅಂದರು. ಅವರಿಗೆ ಸಮಾಧಾನ ಕೊಟ್ಟ ಆ 70ರ ಮೇಲೆಯೇ ನನಗೆ ಗುಮಾನಿ.

ಅವರಿಗೆ ತಿಳಿಸಿ ಹೇಳಲು ಊರಿನ ಗಂಜ್‌ಗಳೇ ಸಾಕಾದವು. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ಪಟ್ಟಣಕ್ಕೆ ಬರುತ್ತಿತ್ತು. ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ನಡುನಡುವೆ ಗಂಜ್ ಎಂಬ ಗೋಪುರ ಕಟ್ಟಿದ್ದರು. ನೀರು ಅದರೊಳಗೆ ಏರಿ, ರಭಸ ಕಳೆದುಕೊಂಡು, ಕೆಸರು ತಳಕ್ಕಿಳಿಸಿ ಮುಂದೆ ಸಾಗುತ್ತಿತ್ತು. ಕೆಲವು ಗಂಜ್ ಇವತ್ತಿಗೂ ನಿಂತಿವೆ.

ನಮ್ಮ ಮೈಯೊಳಗಿನ ಗಂಜ್ ಎಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಮಹಾಧಮನಿ. ಹೃದಯ ಪ್ರತಿ ಬಡಿತಕ್ಕೆ ಸುಮಾರು 70 ಮಿ.ಲೀ. ರಕ್ತ ತಳ್ಳಿದಾಗ ಅದು ಹಿಗ್ಗಿ ಒಂದಷ್ಟನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಹೃದಯ ಸಡಿಲಾದಾಗ ಕುಗ್ಗಿ ಅದನ್ನು ಮುಂದೆ ನೂಕುತ್ತದೆ. ಬಿಟ್ಟು ಬಿಟ್ಟು ಬರುವ ಹೊಡೆತ ಹೀಗೆ ಹರಿವಾಗುತ್ತದೆ. ಹಿಗ್ಗಿಸುವುದು ಎಲಾಸ್ಟಿನ್ ಎಂಬ ಎಳೆ. ಅದು ಹೆಚ್ಚಾಗಿ ತಯಾರಾಗುವುದು ಎಳೆಯ ವಯಸ್ಸಿನಲ್ಲೇ. ದಿನಕ್ಕೆ ಲಕ್ಷದಂತೆ ಅರವತ್ತು ವರ್ಷಕ್ಕೆ ಇನ್ನೂರು ಕೋಟಿಗೂ ಮೀರಿದ ಬಡಿತ ತಿಂದ ಮೇಲೆ ಎಳೆಗಳು ಹರಿಯುತ್ತವೆ, ಜಾಗಕ್ಕೆ ಕೊಲಾಜೆನ್ ಎಂಬ ಬಿರುಸಾದ ಎಳೆ ಬರುತ್ತದೆ. ಬಿಪಿ ಇದ್ದವರಲ್ಲಿ ಈ ಸವೆತ ಬೇಗ. ಬಿರುಸಾದ ನಾಳ ಹಿಗ್ಗದು, ಹಾಗಾಗಿ ಮೇಲಿನ ಅಂಕಿ ಏರುತ್ತದೆ. ಹಿಡಿದಿಟ್ಟ ರಕ್ತವೇ ಇಲ್ಲವಲ್ಲ, ಕೆಳಗಿನದು ಇಳಿಯುತ್ತದೆ. (ಹೃದಯದ ಕವಾಟ ಸೋರಿದರೂ ಹೀಗಾಗಬಹುದು, ಅದನ್ನು ಡಾಕ್ಟರೇ ನೋಡಬೇಕು.) ದೊಡ್ಡಪ್ಪನ ಎರಡು ಅಂಕಿಗಳ ನಡುವಿನ ಅಂತರ 100. ವಯಸ್ಸಾದವರಲ್ಲಿ 60 ದಾಟಿದರೇ ನಾಳ ಬಿರುಸಾಗಿದೆ ಎಂದು ಲೆಕ್ಕ.

ನಾಡಿಯ ಅಲೆ ಕುತ್ತಿಗೆಯಿಂದ ತೊಡೆಸಂದಿಗೆ ಎಷ್ಟು ಬೇಗ ಓಡುತ್ತದೆ ಎಂದು ಅಳೆದೂ ಇದನ್ನು ಹೇಳಬಹುದು. ಸೆಕೆಂಡಿಗೆ 10 ಮೀಟರ್ ಮೀರಿದರೆ ನಾಳ ಗಟ್ಟಿಯಾಯಿತೆಂದೇ ಅರ್ಥ.

ಗಟ್ಟಿ ನಾಳ ತಗ್ಗಿಸದೆ ಬಿಟ್ಟ ಹೊಡೆತ ಕಿಡ್ನಿಗೂ ಬೀಳುತ್ತದೆ. ಎರಡೂ ಸೇರಿ 300 ಗ್ರಾಂ ಆಸುಪಾಸು ತೂಗುವ ಇವಕ್ಕೆ ಹೃದಯ ತಳ್ಳುವ ರಕ್ತದ ಐದನೇ ಒಂದು ಪಾಲು ಬೇಕು. ದಿನಕ್ಕೆ 180 ಲೀಟರ್ ಸೋಸುವ ಕೆಲಸ. ಅಷ್ಟು ರಕ್ತ ಬರಬೇಕೆಂದರೆ ದಾರಿಯಲ್ಲಿ ತಡೆ ಕಡಿಮೆಯಿರಬೇಕು. ಕಾಲುವೆಯ ತೂಬು ಸದಾ ತೆರೆದಿಟ್ಟ ಹೊಲದಂತೆ. ನೀರು ಸಾವಕಾಶ ಬಂದರೆ ಬೆಳೆಗೆ ಹಿತ, ನುಗ್ಗಿ ಬಂದರೆ ಬದುವೇ ಕೊಚ್ಚಿಹೋಗುತ್ತದೆ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜರಡಿಗಳಿವೆ. ಜರಡಿಗೆ ರಕ್ತ ತರುವ ಸಣ್ಣ ನಾಳ ಬಿಗಿದುಕೊಂಡು ಅವನ್ನು ಕಾಯುತ್ತದೆ, ಆದರೆ ವರ್ಷಗಟ್ಟಲೆ ಬಿಪಿ ಇದ್ದರೆ ಆ ಕಾವಲೂ ಸೋಲುತ್ತದೆ. ಜರಡಿ ಸಡಿಲಾಗಿ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ.

ಹೊಡೆತ ತಿಂದ ಕಿಡ್ನಿಯೂ ಸುಮ್ಮನಿರುವುದಿಲ್ಲ. ಉಪ್ಪು, ನೀರು ಹೊರಹಾಕಲಾರದೆ ಬಿಪಿ ಏರಿಸುತ್ತದೆ. ಇನ್ನೂ ಸೋತರೆ ರಕ್ತದಲ್ಲಿ ರಂಜಕ (ಫಾಸ್ಫರಸ್) ಉಳಿಯುತ್ತದೆ. ಆಗ ನಾಳದ ಗೋಡೆಯ ಸ್ನಾಯುಕೋಶಗಳು ಎಲುಬಿನ ಕೋಶಗಳಂತೆ ವರ್ತಿಸತೊಡಗಿ ಕ್ಯಾಲ್ಸಿಯಂ ಕಟ್ಟುತ್ತದೆ. ಗಟ್ಟಿ ನಾಳ ಕಿಡ್ನಿಯನ್ನು ಕೆಡಿಸಿತ್ತು, ಈಗ ಕಿಡ್ನಿ ನಾಳವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ನಮ್ಮ ಕಡೆ ಎಲ್ಲರೂ ಕೇಳುವುದು "ಕ್ರಿಯಾಟಿನಿನ್ ಎಷ್ಟೈತಿ?" ಎಂದೇ. ಅದು ಕಿಡ್ನಿ ರಕ್ತದಿಂದ ಹೊರಹಾಕುವ ಒಂದು ಕಸ. ಕಿಡ್ನಿಯ ಶಕ್ತಿ ಅರ್ಧದಷ್ಟು ಹೋಗುವವರೆಗೂ ಆ ಅಂಕಿ ಮಾಮೂಲಿಯಾಗಿ ಕಾಣಬಹುದು. ಮೂತ್ರದ ಅಲ್ಬುಮಿನ್ ಅದಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಆಗ ಹೆಸರಿನ ಕೊನೆಗೆ 'ಸಾರ್ಟನ್' ಎಂದಿರುವ ಗುಳಿಗೆಗಳು ಬಿಪಿಯ ಜೊತೆಗೆ ಜರಡಿಯೊಳಗಿನ ಒತ್ತಡವನ್ನೂ ತಗ್ಗಿಸುತ್ತವೆ. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಗುಳಿಗೆಗಳಲ್ಲಿ ಬಹಳಷ್ಟರದು ಇದಕ್ಕೆ ತಿರುವುಮುರುವು ಕೆಲಸ: ಬಿಪಿಯನ್ನೂ ಏರಿಸಿ ಕಿಡ್ನಿಯನ್ನೂ ಬಳಲಿಸುತ್ತವೆ. ದೊಡ್ಡಪ್ಪನ ಅಂಗಿಯ ಕಿಸೆಯಲ್ಲಿ ಅಂಥದ್ದೊಂದು ಪಟ್ಟಿ ಸಿಕ್ಕಿತು.

ಮೂತ್ರ ಪರೀಕ್ಷೆಯಲ್ಲಿ ಅಲ್ಬುಮಿನ್ ಇತ್ತು, ಕ್ರಿಯಾಟಿನಿನ್ ಸರಿಯಿತ್ತು. ಈಗ ಅವರ ಗುಳಿಗೆ ಬದಲಾಗಿದೆ, ತಾಟಿನಿಂದ ಉಪ್ಪಿನಕಾಯಿ ಹೋಗಿದೆ. ರೊಟ್ಟಿ ಮುರಿಯುತ್ತ ಇನ್ನೂ ಕೇಳುತ್ತಾರೆ: "ತೆಳಗಿಂದು ಬರೋಬ್ಬರಿ ಇತ್ತಲ್ಲೋ?"