ವಿದೇಶಕ್ಕೆ ಹೊರಟ ದೇಹದ ಕಾಗದಪತ್ರಗಳು

ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹಾದಿ ಬಹಳ ದೂರವಿಲ್ಲ. ಕೊಲ್ಲಿ ರಾಷ್ಟ್ರಗಳಿಗೆ ಕೆಲಸಕ್ಕೆ ಹೋಗುವವರು, ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಸಂಸಾರ ಸಮೇತ ನೆಲೆ ಬದಲಿಸುವವರು, ಮಕ್ಕಳ ಮನೆಗೆ ಹೊರಟ ವಯಸ್ಸಾದ ತಂದೆತಾಯಂದಿರು ನನ್ನಂತಹ ಸಾಮಾನ್ಯ ವೈದ್ಯರ ಬಳಿಗೆ ಬರುವುದು ಈ ಜಿಲ್ಲೆಯಲ್ಲಿ ಈಗ ಅಪರೂಪವಲ್ಲ. ಆದರೆ ಅವರು ಬರುವ ಹೊತ್ತು ಸರಿಯಿರುವುದಿಲ್ಲ. ಟಿಕೆಟ್ ಆಗಿ, ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಟ್ಟಾದ ಮೇಲೆ, ಹೊರಡಲು ಎರಡು ಮೂರು ದಿನ ಉಳಿದಿರುವಾಗ ಬಂದು, "ಆರು ತಿಂಗಳಿಗಾಗುವಷ್ಟು ಮಾತ್ರೆ ಬರೆದುಕೊಡಿ ಸಾರ್" ಎನ್ನುತ್ತಾರೆ. ಮಾತ್ರೆ ಬರೆಯಲು ಐದು ನಿಮಿಷ ಸಾಕು. ನಿಜವಾಗಿ ಆಗಬೇಕಾದ ಕೆಲಸಕ್ಕೆ ಎರಡು ಮೂರು ತಿಂಗಳು ಬೇಕು.

ಆ ಕೆಲಸವೆಂದರೆ ಈ ದೇಹ ಇಲ್ಲಿ ಏನೇನನ್ನು ಅನುಭವಿಸಿ ಬಂದಿದೆ ಎಂಬುದನ್ನು ಬರಹಕ್ಕೆ ಇಳಿಸುವುದು. ಅರ್ಧ ಎಕರೆ ಜಮೀನಿನ ಪಹಣಿಯನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಡುವ ನಮ್ಮ ಜನ, ತಮ್ಮದೇ ಶ್ವಾಸಕೋಶದ ಹಳೆಯ ಎಕ್ಸ್‌ರೇಯನ್ನು ಮನೆ ಸುಣ್ಣ ಬಳಿಯುವಾಗ ಎಸೆದುಬಿಡುತ್ತಾರೆ. ಇಲ್ಲಿನ ವೈದ್ಯರಿಗೆ ಹೇಳದೆಯೇ ಅರ್ಥವಾಗುವ ಅನೇಕ ಸಂಗತಿಗಳು ಟೊರಾಂಟೊದ ವೈದ್ಯರಿಗೆ ಹೇಳಿದರೂ ತಕ್ಷಣ ಅರ್ಥವಾಗುವುದಿಲ್ಲ.

ಮೊದಲನೆಯದು ಕ್ಷಯ. ಕೊಲ್ಲಿ ರಾಷ್ಟ್ರಗಳ ಕೆಲಸದ ವೀಸಾಕ್ಕೆ ಎದೆಯ ಎಕ್ಸ್‌ರೇ ಕಡ್ಡಾಯ. ಬ್ರಿಟನ್ ಆರು ತಿಂಗಳಿಗಿಂತ ಹೆಚ್ಚು ಇರಲು ಹೊರಟ ಭಾರತೀಯರಿಂದ ಕ್ಷಯ ಪರೀಕ್ಷೆಯ ಪ್ರಮಾಣಪತ್ರವನ್ನು ಕೇಳುತ್ತದೆ. ಹತ್ತು ವರ್ಷಗಳ ಹಿಂದೆ ಕ್ಷಯ ಬಂದು, ಸರ್ಕಾರಿ ಆಸ್ಪತ್ರೆಯ ಮಾತ್ರೆಗಳನ್ನು ಪೂರ್ತಿ ನುಂಗಿ ವಾಸಿಯಾದವರ ಶ್ವಾಸಕೋಶದಲ್ಲೂ ಕಲೆಯೊಂದು ಉಳಿದಿರಬಹುದು. ಎಕ್ಸ್‌ರೇ ಓದುವವರಿಗೆ ಅದು ವಾಸಿಯಾದ ಕಲೆಯೋ, ಈಗಿನ ರೋಗವೋ ಎಂಬುದು ಒಂದೇ ಚಿತ್ರದಿಂದ ಖಚಿತವಾಗುವುದಿಲ್ಲ. ಅನುಮಾನ ಬಂದರೆ ಕಫದಲ್ಲಿ ಕ್ಷಯದ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸುತ್ತಾರೆ, ಅದರ ಅಂತಿಮ ಫಲಿತಾಂಶಕ್ಕೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಟಿಕೆಟಿನ ತಾರೀಖು ಮುಗಿದಿರುತ್ತದೆ. ಹಳೆಯ ಎಕ್ಸ್‌ರೇ, ಚಿಕಿತ್ಸೆ ಪೂರ್ಣಗೊಂಡ ಕಾರ್ಡ್, ಕ್ಷಯ ರೋಗಿಗಳ ಸರ್ಕಾರಿ ನೋಂದಣಿಯ ನಿಕ್ಷಯ್ ಸಂಖ್ಯೆ ಕೈಯಲ್ಲಿದ್ದರೆ ಕಲೆ ವರ್ಷಗಳಿಂದ ಬದಲಾಗಿಲ್ಲ ಎಂದು ತೋರಿಸಲು ಆಧಾರ ಸಿಗುತ್ತದೆ. ಆದರೆ ಕೊಲ್ಲಿಯ ಕೆಲಸಕ್ಕೆ ಹೊರಟವರಿಗೆ ವಾಸಿಯಾದ ಕಲೆಯೂ ಅಡ್ಡಿಯಾಗಬಲ್ಲದು. ಆದ್ದರಿಂದ ಏಜೆಂಟರಿಗೆ ಮುಂಗಡ ಕಟ್ಟುವುದಕ್ಕೆ ಮೊದಲೇ ಊರಿನಲ್ಲಿ ಒಂದು ಎಕ್ಸ್‌ರೇ ತೆಗೆಸಿ ನೋಡಿಕೊಳ್ಳುವುದು ಜಾಣತನ.

ಎರಡನೆಯದು ನಮ್ಮ ನೀರು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿರುವುದು ಹೊಸ ವಿಷಯವೇನಲ್ಲ. ಹಲ್ಲಿನ ಕಂದು ಕಲೆ ಎಲ್ಲರ ಕಣ್ಣಿಗೆ ಬೀಳುತ್ತದೆ. ಮೂಳೆಯೊಳಗಿನ ಬದಲಾವಣೆ ಕಾಣುವುದಿಲ್ಲ. ದಶಕಗಳ ಕಾಲ ಇಂತಹ ನೀರು ಕುಡಿದ ಹಿರಿಯರ ಬೆನ್ನುಮೂಳೆ ಮತ್ತು ಸೊಂಟದ ಮೂಳೆಗಳು ಎಕ್ಸ್‌ರೇಯಲ್ಲಿ ಅತಿ ಬಿಳುಪಾಗಿ, ದಟ್ಟವಾಗಿ ಕಾಣಬಹುದು. ಬೆನ್ನುನೋವೆಂದು ವಿದೇಶದ ಆಸ್ಪತ್ರೆಗೆ ಹೋದ ಅರವತ್ತೈದರ ಗಂಡಸಿನಲ್ಲಿ ಅಂತಹ ಮೂಳೆ ಕಂಡರೆ, ಅತಿಯಾದ ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ಕಾಯಿಲೆಯ ರೋಗಿಯನ್ನು ನೋಡಿಯೇ ಇರದ ವೈದ್ಯರಿಗೆ ಮೊದಲು ಹೊಳೆಯುವುದು ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿರಬಹುದೆಂಬ ಶಂಕೆ. ಆ ಶಂಕೆ ತಪ್ಪೇನಲ್ಲ, ಅದನ್ನು ಪರೀಕ್ಷಿಸಲೇಬೇಕು. ಆದರೆ ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿರುವುದು ಫ್ಲೋರೋಸಿಸ್ಸಿನ ಒಳ್ಳೆಯ ಸುಳಿವು. ಇಂತಹ ಊರುಗಳಿಂದ ಹೊರಟ ಹಿರಿಯರಿಗೆ ಕೀಲು ಬಿಗಿತವೋ ಬೆನ್ನುನೋವೋ ಇದ್ದರೆ ಮುಂಗೈ ಮತ್ತು ಸೊಂಟದ ಎಕ್ಸ್‌ರೇ ತೆಗೆಸಿ, ಎಷ್ಟು ವರ್ಷ ಯಾವ ನೀರು ಕುಡಿದರು ಎಂಬುದನ್ನು ಎರಡು ಸಾಲಿನಲ್ಲಿ ಬರೆದುಕೊಡುವುದು ನನ್ನ ಪದ್ಧತಿ. ಹಲ್ಲಿನ ಕೆಲಸವನ್ನೂ ಇಲ್ಲಿಯೇ ಮುಗಿಸಿಕೊಳ್ಳಿ. ಹೊರಗೆ ಅದರ ಬೆಲೆ ಕೇಳಿದರೆ ಹಲ್ಲುನೋವು ಮರೆತುಹೋಗುತ್ತದೆ.

ಮಕ್ಕಳಿದ್ದರೆ ಲಸಿಕೆಯ ಲೆಕ್ಕ ಬೇರೆ. ತಾಯಿ ಕಾರ್ಡಿನಲ್ಲಿ ಎಲ್ಲ ಖಾನೆಗಳೂ ತುಂಬಿವೆ ಎಂದು ಪಾಲಕರು ನಿಶ್ಚಿಂತೆಯಿಂದಿರುತ್ತಾರೆ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈಗ ಕೊಡುವುದು ದಡಾರ ಮತ್ತು ರುಬೆಲ್ಲಾ ಲಸಿಕೆ; ಕರ್ನಾಟಕದಲ್ಲಿ ಇದರ ಅಭಿಯಾನ ಆರಂಭವಾದದ್ದು 2017ರ ಫೆಬ್ರವರಿಯಲ್ಲಿ. ಅದರಲ್ಲಿ ಮಂಗನಬಾವಿನ ಭಾಗವಿಲ್ಲ, ಸಿಡುಬಿನಂತೆ ಮೈಮೇಲೆ ಗುಳ್ಳೆ ಏಳುವ ಚಿಕನ್‌ಪಾಕ್ಸ್‌ನ ಲಸಿಕೆಯೂ ಕಾರ್ಯಕ್ರಮದಲ್ಲಿಲ್ಲ. ಅಮೆರಿಕದ ಶಾಲೆಗಳು ಸಾಮಾನ್ಯವಾಗಿ ಎರಡನ್ನೂ ಕೇಳುತ್ತವೆ. ಮಂಗನಬಾವು ಸೇರಿದ ಲಸಿಕೆಯ ಎರಡು ಡೋಸುಗಳ ನಡುವೆ ಕನಿಷ್ಠ ನಾಲ್ಕು ವಾರ ಅಂತರ ಬೇಕು. ಚಿಕ್ಕ ಮಕ್ಕಳಿಗೆ ಚಿಕನ್‌ಪಾಕ್ಸ್ ಲಸಿಕೆಯ ಎರಡನೆಯ ಡೋಸಿಗೆ ಮೂರು ತಿಂಗಳು ಕಾಯುವುದು ವಾಡಿಕೆ. ಹೊರಡುವ ಹಿಂದಿನ ವಾರ ಬಂದರೆ ಇದನ್ನು ಯಾರೂ ಸರಿಪಡಿಸಲಾರರು.

ಇನ್ನು ಮಾತ್ರೆಗಳು. ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರು, ಪ್ರಮಾಣ, ಕಾಯಿಲೆ, ಇವಿಷ್ಟೂ ಇಂಗ್ಲಿಷಿನಲ್ಲಿರುವ ಚೀಟಿ ಬೇಕು. ಮಾತ್ರೆಗಳು ಮೂಲ ಸ್ಟ್ರಿಪ್ಪಿನಲ್ಲೇ ಇರಬೇಕು, ಡಬ್ಬಿಗೆ ಸುರಿದುಕೊಳ್ಳಬಾರದು. ನೋವಿಗೆ ಇಲ್ಲಿ ಧಾರಾಳವಾಗಿ ಬರೆಯುವ ಟ್ರಮಡಾಲ್, ಕೆಮ್ಮಿನ ಔಷಧಗಳಲ್ಲಿರುವ ಕೊಡೀನ್, ಇವೆರಡೂ ಸಂಯುಕ್ತ ಅರಬ್ ಸಂಸ್ಥಾನದಲ್ಲಿ (ಯುಎಇ) ನಿಯಂತ್ರಿತ ವಸ್ತುಗಳು. ಮುಂಚಿತ ಅನುಮತಿ ಇಲ್ಲದೆ ಒಯ್ದರೆ ಪೊಲೀಸ್ ಪ್ರಕರಣವಾಗಬಹುದು. ಔಷಧಕ್ಕೆ ಸಂಬಂಧವಿಲ್ಲದಿದ್ದರೂ ಇಲ್ಲಿಯೇ ಹೇಳಬೇಕಾದ ಮಾತೊಂದಿದೆ: ಪಾಯಸಕ್ಕೆಂದು ಅಮ್ಮಂದಿರು ಕಟ್ಟಿಕೊಡುವ ಗಸಗಸೆಯನ್ನು ಅರಬ್ ಸಂಸ್ಥಾನಕ್ಕಾಗಲಿ ಸಿಂಗಪುರಕ್ಕಾಗಲಿ ಒಯ್ಯುವುದು ಅಪರಾಧ. ಗಸಗಸೆ ಬಿದ್ದ ಮಸಾಲೆಪುಡಿಯನ್ನೂ ಮನೆಯಲ್ಲೇ ಬಿಡಿ.

ವಿಮಾನದ ಬಗ್ಗೆ ಜನರಿಗಿರುವ ಭಯ ಬಹುಪಾಲು ತಪ್ಪು ಜಾಗದಲ್ಲಿದೆ. ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಸಮ. ನಮ್ಮ ನಂದಿಬೆಟ್ಟ 1,478 ಮೀಟರ್. ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವ ಶ್ವಾಸಕೋಶದ ಕಾಯಿಲೆಯವರು, ತೀವ್ರ ರಕ್ತಹೀನತೆಯವರು, ಇತ್ತೀಚೆಗೆ ಹೃದಯಾಘಾತವಾದವರು ಮೊದಲೇ ತಪಾಸಣೆಗೆ ಬರಬೇಕು. ರೆಟಿನಾ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನೊಳಗೆ ಅನಿಲ ತುಂಬಿಸಿಕೊಂಡವರು ಅದು ಕರಗುವವರೆಗೆ ವಿಮಾನ ಹತ್ತಲೇಬಾರದು, ಏಕೆಂದರೆ ಒತ್ತಡ ಇಳಿದಂತೆ ಅನಿಲ ಹಿಗ್ಗಿ ದೃಷ್ಟಿಯನ್ನೇ ಕೆಡಿಸಬಹುದು.

ನಿಜವಾದ ಅಪಾಯವಿರುವುದು ಅಲುಗಾಡದೆ ಕೂರುವುದರಲ್ಲಿ. ನಾಲ್ಕು ಗಂಟೆಗೂ ಮೀರಿದ ಪ್ರಯಾಣದ ನಂತರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಬಸ್ಸು, ರೈಲು, ಕಾರಿಗೂ ಇದು ಅನ್ವಯ. ಆರೋಗ್ಯವಂತರಲ್ಲಿ ಇದು ಸುಮಾರು 6,000 ಮಂದಿಗೆ ಒಬ್ಬರಿಗೆ ಆಗುವಂಥದ್ದು, ಆದ್ದರಿಂದ ಗಾಬರಿ ಬೇಡ. ಹಿಂದೆ ಹೆಪ್ಪುಗಟ್ಟಿದ್ದವರು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು, ಕ್ಯಾನ್ಸರ್ ರೋಗಿಗಳು, ಆಗಷ್ಟೇ ಮಂಡಿ ಶಸ್ತ್ರಚಿಕಿತ್ಸೆಯಾದವರಿಗೆ ಅಪಾಯ ಇದಕ್ಕಿಂತ ಹೆಚ್ಚು. ಅವರಿಗೆ ಬಿಗಿ ಕಾಲುಚೀಲವನ್ನೋ, ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಚುಚ್ಚುಮದ್ದನ್ನೋ ಸೂಚಿಸಬೇಕಾಗುತ್ತದೆ. ಯಾರದೋ ಮಾತು ಕೇಳಿ ಆಸ್ಪಿರಿನ್ ನುಂಗಿ ಹತ್ತುವುದನ್ನು ನಾನು ಒಪ್ಪುವುದಿಲ್ಲ. ನಿದ್ರೆಮಾತ್ರೆಯಂತೂ ಕೈಕಾಲು ಅಲುಗಾಡದಂತೆ ಮಾಡಿ ಅಪಾಯವನ್ನು ಹೆಚ್ಚಿಸುತ್ತದೆ.

ಇನ್ಸುಲಿನ್ ಬಳಸುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಸರಕಿನ ಭಾಗದಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ದುಬೈಗೆ ಇರುವ ಒಂದೂವರೆ ಗಂಟೆಯ ವ್ಯತ್ಯಾಸಕ್ಕೆ ಡೋಸ್ ಬದಲಿಸಬೇಕಾಗಿಲ್ಲ. ಟೊರಾಂಟೊ ನಮಗಿಂತ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಹಿಂದಿದೆ, ಆ ದಿನವೇ ಅಷ್ಟು ಉದ್ದವಾಗುತ್ತದೆ. ಪೂರ್ವಕ್ಕೆ ಸಿಡ್ನಿಯತ್ತ ಹೋದರೆ ದಿನ ಮೊಟಕಾಗಿ, ಎರಡು ಡೋಸುಗಳು ಹತ್ತಿರವಾಗಿ ಸಕ್ಕರೆ ಕುಸಿಯಬಹುದು. ಟಿಕೆಟನ್ನು ಮುಂದಿಟ್ಟುಕೊಂಡು ಡೋಸಿನ ವೇಳಾಪಟ್ಟಿಯನ್ನು ವೈದ್ಯರಿಂದ ಬರೆಸಿಕೊಳ್ಳಬೇಕು.

ಇಳಿದ ಮೇಲೂ ಸುಮಾರು ಎಂಟು ವಾರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ, ಮೊದಲ ವಾರದಲ್ಲಿ ಹೆಚ್ಚು. ಹೊಸ ಮನೆ ಹೊಂದಿಸುವ ಗಡಿಬಿಡಿಯಲ್ಲಿ ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಉಳುಕೆಂದು ಎಣ್ಣೆ ತಿಕ್ಕುತ್ತಾ ಕೂರಬಾರದು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ಚುಚ್ಚಿದರೆ ತುರ್ತು ಚಿಕಿತ್ಸೆಗೆ ಹೋಗಬೇಕು, ಅಲ್ಲಿ ಕೇಳದಿದ್ದರೂ ಯಾವ ದಿನ, ಎಷ್ಟು ಗಂಟೆ ವಿಮಾನದಲ್ಲಿ ಕುಳಿತಿದ್ದೆವು ಎಂಬುದನ್ನು ಮೊದಲು ಹೇಳಬೇಕು.