ಆಂತರಿಕ ಆಡಿಟ್ ಕೆಲಸ ಹೊರಗಿನವರ ಜತೆ ಹಂಚಿಕೊಂಡರೆ ಹೊಣೆ ಯಾರದು?

ಪ್ರಶ್ನೆ: ನಮ್ಮ ಕಂಪನಿಯ ಆಂತರಿಕ ಲೆಕ್ಕಪರಿಶೋಧನಾ ತಂಡದಲ್ಲಿ ನಾಲ್ಕೇ ಜನ. ಈ ವರ್ಷದಿಂದ ಕೆಲವು ಆಡಿಟ್‌ಗಳನ್ನು ಹೊರಗಿನ ಪರಿಣತರ ಜತೆ ಸೇರಿ ಮಾಡಿ ಎಂದು ಆಡಳಿತ ಹೇಳುತ್ತಿದೆ. ವರದಿಯಲ್ಲಿ ತಪ್ಪಾದರೆ ಯಾರು ಹೊಣೆ? ಬರಬರುತ್ತಾ ನಮಗೆ ಕೆಲಸವೇ ಇಲ್ಲದಂತಾಗುವುದಿಲ್ಲವೇ?

ಉತ್ತರ: ಹೊಣೆ ನಿಮ್ಮ ಕಂಪನಿಯದೇ. ಬ್ಯಾಂಕುಗಳ ಆಂತರಿಕ ಆಡಿಟ್ ಬಗ್ಗೆ ಬ್ಯಾಂಕ್ ಮೇಲ್ವಿಚಾರಣೆಗೆ ಅಂತಾರಾಷ್ಟ್ರೀಯ ಮಾನದಂಡ ರೂಪಿಸುವ ಬಾಸೆಲ್ ಸಮಿತಿ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ: ಕೆಲಸ ಹೊರಗೆ ಕೊಟ್ಟಿರಲಿ, ಬಿಟ್ಟಿರಲಿ, ಕೊನೆಯ ಜವಾಬ್ದಾರಿ ನಿರ್ದೇಶಕ ಮಂಡಳಿಯದು. ಬ್ಯಾಂಕ್ ಅಲ್ಲದ ಕಂಪನಿಗೂ ತರ್ಕ ಅದೇ. ವರದಿಯ ಮುಖಪುಟದಲ್ಲಿ ಯಾರ ಲೋಗೊ ಇದ್ದರೂ ಆಡಿಟ್ ಕಮಿಟಿಯ (ಆಡಿಟ್ ಮೇಲೆ ಕಣ್ಣಿಡುವ ನಿರ್ದೇಶಕರ ಸಮಿತಿಯ) ಮುಂದೆ ಕೂತು ಉತ್ತರಿಸಬೇಕಾದವರು ನಿಮ್ಮ ಆಡಿಟ್ ಮುಖ್ಯಸ್ಥರು.

ನಿಮ್ಮಲ್ಲಿ ಬರುತ್ತಿರುವುದು ಪೂರ್ತಿ ಔಟ್‌ಸೋರ್ಸಿಂಗ್ ಅಲ್ಲ, ಕೋ-ಸೋರ್ಸಿಂಗ್. ತಂಡ ಮನೆಯದೇ, ಬೇಕಾದಾಗ ಹೊರಗಿನ ಕೈ ಸೇರುತ್ತದೆ. ನಾಲ್ಕು ಜನರ ತಂಡಕ್ಕೆ ಇದು ಅವಮಾನವೇನಲ್ಲ. ವರ್ಷದಲ್ಲಿ ಮೂರು ವಾರದ ಸೈಬರ್ ಭದ್ರತೆ ಆಡಿಟ್‌ಗೋಸ್ಕರ ಅದರ ಪರಿಣತರನ್ನು ಕಾಯಂ ಸಂಬಳ ಕೊಟ್ಟು ಇಟ್ಟುಕೊಳ್ಳಲಾದೀತೇ? ಇನ್ನೊಂದು ಕಾರಣವೂ ಉಂಟು. ನಿಮ್ಮಲ್ಲೊಬ್ಬರು ಹೋದ ವರ್ಷದವರೆಗೆ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದರು ಎನ್ನಿ. ತಾವು ಹಿಂದಿನ ಹನ್ನೆರಡು ತಿಂಗಳಲ್ಲಿ ಹೊಣೆ ಹೊತ್ತಿದ್ದ ವಿಭಾಗವನ್ನು ತಾವೇ ಪರಿಶೋಧಿಸಬಾರದು ಎಂಬುದು ಈ ವೃತ್ತಿಯ ಅಂತಾರಾಷ್ಟ್ರೀಯ ಮಾನದಂಡ. ಅಲ್ಲಿಗೆ ಬೇರೆ ಕಣ್ಣು ಬೇಕೇ ಬೇಕು.

ಆದರೆ ಕೆಲವನ್ನು ಕೈಬಿಡಬೇಡಿ. ಈ ವರ್ಷ ಏನನ್ನು ಪರಿಶೋಧಿಸಬೇಕು, ಕಂಡ ಲೋಪ ಎಷ್ಟು ಗಂಭೀರ, ಸರಿಪಡಿಸುತ್ತೇವೆಂದು ಮಾತು ಕೊಟ್ಟ ವಿಭಾಗ ನಿಜವಾಗಿ ಸರಿಪಡಿಸಿತೇ: ಈ ಮೂರನ್ನೂ ನಿರ್ಧರಿಸಬೇಕಾದವರು ಒಳಗಿನವರು. ವಾರ್ಷಿಕ ಯೋಜನೆಯನ್ನೂ ಹೊರಗಿನ ಸಂಸ್ಥೆಯೇ ಬರೆದರೆ, ಆ ಸಂಸ್ಥೆಗೆ ಚೆನ್ನಾಗಿ ಬರುವ ಕೆಲಸಗಳೇ ನಿಮ್ಮ ಕಂಪನಿಯ ದೊಡ್ಡ ಅಪಾಯಗಳಾಗಿ ಕಾಣತೊಡಗುತ್ತವೆ!

ಯಾರನ್ನು ಕರೆಯಬಾರದು ಎಂಬುದಕ್ಕೆ, ಲೆಕ್ಕದ ವಂಚನೆಯಿಂದ ಕುಸಿದ ಅಮೆರಿಕದ ಇಂಧನ ಕಂಪನಿ ಎನ್ರಾನ್ ನೆನಪಾಗುತ್ತದೆ. ಆ ಕಂಪನಿಯ ವಾರ್ಷಿಕ ಲೆಕ್ಕಕ್ಕೆ ಸಹಿ ಹಾಕುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆ ಅಲ್ಲಿನ ಆಂತರಿಕ ಆಡಿಟ್ ಕೆಲಸವನ್ನೂ ಮಾಡಿತ್ತು. 2000ನೇ ಇಸವಿಯಲ್ಲಿ ಅದಕ್ಕೆ ಸಿಕ್ಕ ಶುಲ್ಕ ಸುಮಾರು 5.2 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ವಾರ್ಷಿಕ ಲೆಕ್ಕ ತಪಾಸಿಸುವ, ಕಾನೂನು ಕಡ್ಡಾಯ ಮಾಡಿದ ಶಾಸನಬದ್ಧ ಆಡಿಟ್‌ನಿಂದಲ್ಲ, ಇತರ ಸೇವೆಗಳಿಂದ. ತಾನೇ ಮಾಡಿದ ಕೆಲಸವನ್ನು ತಾನೇ ಪ್ರಶ್ನಿಸಿ, ಅಷ್ಟು ದೊಡ್ಡ ಗಿರಾಕಿಯನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿರುತ್ತದೆ? 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿಯಾಯಿತು. ಮರುವರ್ಷ ಅಮೆರಿಕ ತಂದ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯ 201ನೇ ಸೆಕ್ಷನ್, ಷೇರುಪೇಟೆಯ ಕಂಪನಿಗಳ ಶಾಸನಬದ್ಧ ಆಡಿಟರ್ ಅದೇ ಕಂಪನಿಯ ಆಂತರಿಕ ಆಡಿಟ್ ಗುತ್ತಿಗೆ ಹಿಡಿಯುವುದನ್ನು ನಿಷೇಧಿಸಿತು. ನಿಮ್ಮ ಕಾನೂನು ಏನೇ ಹೇಳಲಿ, ಈ ಎರಡು ಕೆಲಸಗಳನ್ನು ಒಂದೇ ಸಂಸ್ಥೆಗೆ ಕೊಡಬೇಡಿ. ನಿಮ್ಮ ಸಾಫ್ಟ್‌ವೇರ್ ಅಳವಡಿಸಿದ ಸಲಹಾ ಸಂಸ್ಥೆಗೆ ಆ ಸಾಫ್ಟ್‌ವೇರಿನ ಆಡಿಟ್ ಒಪ್ಪಿಸುವುದೂ ಇದೇ ಜಾತಿಯ ತಪ್ಪು.

ಕೆಲಸ ಹೋಗುತ್ತದೆಂಬ ಭಯಕ್ಕೆ ಮದ್ದು ಒಪ್ಪಂದದಲ್ಲಿದೆ, ಅದನ್ನು ಸಹಿಗೆ ಮುಂಚೆ ಓದಿ. ವರ್ಕಿಂಗ್ ಪೇಪರ್‌ಗಳು (ಆಡಿಟ್ ವೇಳೆ ಮಾಡಿದ ಪರೀಕ್ಷೆ, ಕಂಡ ಸಾಕ್ಷ್ಯಗಳ ದಾಖಲೆ) ಯಾರ ಸ್ವತ್ತು? ಹೊರಗಿನವರು ಬರೀ ವರದಿ ಕೊಟ್ಟು ಕಡತ ತಾವೇ ಇಟ್ಟುಕೊಂಡರೆ, ಮುಂದಿನ ವರ್ಷವೂ ಅವರನ್ನೇ ಕರೆಯಬೇಕಾಗುತ್ತದೆ. ಯಾರು ಬಂದು ಕೆಲಸ ಮಾಡುತ್ತಾರೆಂದು ಹೆಸರು ಸಮೇತ ಬರೆಸಿ. ಗುತ್ತಿಗೆ ಕೇಳಲು ಹಿರಿಯ ಪಾಲುದಾರರು ಬಂದು, ಕೆಲಸಕ್ಕೆ ನಿನ್ನೆ ಮೊನ್ನೆ ಸೇರಿದವರು ಬರುವುದು ಈ ಕ್ಷೇತ್ರದ ಹಳೇ ಪದ್ಧತಿ. ಕಂಪನಿಯ ಮಾಹಿತಿ ಯಾರ ಲ್ಯಾಪ್‌ಟಾಪ್‌ನಲ್ಲಿ ಉಳಿಯುತ್ತದೆ, ಯಾವಾಗ ಅಳಿಸುತ್ತಾರೆ ಎಂಬುದೂ ಲಿಖಿತವಾಗಿರಲಿ.

ಇಷ್ಟಕ್ಕಿಂತ ಮುಖ್ಯವಾದದ್ದು, ಪ್ರತಿ ಆಡಿಟ್‌ನಲ್ಲೂ ನಿಮ್ಮ ತಂಡದ ಒಬ್ಬರು ಪಕ್ಕದಲ್ಲಿ ಕೂರಲೇಬೇಕೆಂಬ ಷರತ್ತು. ಚಹಾ-ಕಡತ ಒದಗಿಸುವುದಕ್ಕಲ್ಲ, ಪರೀಕ್ಷೆಗಳನ್ನು ಜತೆಗೇ ಮಾಡುವುದಕ್ಕೆ. ಮೊದಲ ವರ್ಷ ಅವರು ಮಾಡಲಿ, ನಿಮ್ಮವರು ನೋಡಲಿ. ಎರಡನೇ ವರ್ಷ ಅರ್ಧರ್ಧ. ಮೂರನೇ ವರ್ಷ ನಿಮ್ಮವರು ಮಾಡಿ, ಅವರು ಪರಿಶೀಲಿಸಲಿ. ಈ ವೇಳಾಪಟ್ಟಿಯನ್ನು ಮೊದಲ ಸಭೆಯಲ್ಲೇ ಮೇಜಿನ ಮೇಲಿಡಿ. ಅದಕ್ಕೆ ಸಂಸ್ಥೆ ಕೊಡುವ ಉತ್ತರ ನೋಡಿ ಮುಂದಿನ ಮಾತು.